ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಫಾರಿನ್ ಟೂರಿನಲ್ಲಿ ಹೊಟ್ಟೆ ಯಾರಿಗೆ ಕೈಕೊಡುತ್ತದೆ?

ಕಾಫಿ ಕೊಯ್ದು, ಒಣಗಿಸಿ, ಮೂಟೆ ಕಟ್ಟಿದ ಮೇಲೆ ಕೊಡಗಿನಲ್ಲಿ ಸೂಟ್‌ಕೇಸ್‌ಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇವೆ: ಹೊರದೇಶಕ್ಕೆ ಹೋದಾಗ ಹೊಟ್ಟೆ ಕೆಡುವುದು. ಮಂಡಿನೋವಿನವರು, ಕೆಮ್ಮಿನವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಡಾಕ್ಟರೇ, ಹೋದ ವರ್ಷ ನಮ್ಮ ಕಡೆಯವರು ಗುಂಪು ಕಟ್ಟಿಕೊಂಡು ಥಾಯ್ಲೆಂಡ್‌ಗೆ ಹೋಗಿದ್ದರು. ಎಲ್ಲರಿಗೂ ಒಂದೇ ಹೋಟೆಲ್, ಒಂದೇ ಊಟ. ಆದರೆ ಕೆಲವರು ಮಾತ್ರ ವಾಂತಿ-ಭೇದಿ ಹಿಡಿದು ರೂಮಿನಲ್ಲೇ ಮಲಗಿದರು. ಅವರು ರಸ್ತೆ ಬದಿಯದ್ದು ಏನೂ ಮುಟ್ಟಿರಲಿಲ್ಲವಂತೆ. ಇದು ಹೇಗೆ? ಮಾರ್ಚ್‌ನಲ್ಲಿ ನಾವಿಬ್ಬರು ವಿಯೆಟ್ನಾಂಗೆ ಹೊರಟಿದ್ದೇವೆ. ನನಗೆ 58 ವರ್ಷ. ಬಿಪಿ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳುತ್ತೇನೆ.
— ವಿರಾಜಪೇಟೆಯ ಓದುಗರು

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಗ್ಯಾಸ್ಟ್ರಿಕ್ ಮಾತ್ರೆ!

ನಮ್ಮ ಜಠರದಲ್ಲಿರುವ ಆಮ್ಲ ಸುಮ್ನೆ ಎದೆ ಉರಿಸುವುದಕ್ಕೆ ಇರುವುದಲ್ಲ. ಅದು ತೋಟದ ಗೇಟಿನಲ್ಲಿ ಕೂತ ವಾಚ್‌ಮನ್ ಇದ್ದ ಹಾಗೆ, ಊಟದ ಜೊತೆ ಒಳಗೆ ಬರುವ ಕ್ರಿಮಿಗಳಲ್ಲಿ ಬಹುಪಾಲನ್ನು ಅಲ್ಲೇ ಮುಗಿಸುತ್ತದೆ. ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್, ರಾಬಿಪ್ರಜೋಲ್ ಈ ಥರದ ಮಾತ್ರೆಯನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವವರಲ್ಲಿ ಆಮ್ಲ ಕಡಿಮೆಯಾಗುತ್ತದೆ. ಆಗ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಅಂಥವಕ್ಕೆ ಒಳಗೆ ಹೋಗುವ ದಾರಿ ಸುಲಭ. ಪಕ್ಕದ ಕುರ್ಚಿಯವರಿಗೆ ಏನೂ ಮಾಡದ ತುತ್ತು ಇವರನ್ನು ಮಲಗಿಸಬಹುದು. ಹಾಗಂತ ಇದನ್ನು ಓದಿ ಇವತ್ತೇ ಮಾತ್ರೆ ಬಿಸಾಡಬೇಡಿ. ಅಲ್ಸರ್ ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ಹಲವರಿಗೆ ಅದು ಬೇಕೇ ಬೇಕು. ಆದರೆ ಯಾವಾಗಲೋ ಒಂದು ಸಲ ಎದೆಯುರಿ ಬಂತು ಅಂತ ಶುರು ಮಾಡಿ, ಆಮೇಲೆ ಯಾರೂ ನಿಲ್ಲಿಸು ಅನ್ನದೆ ವರ್ಷಗಟ್ಟಲೆ ನುಂಗುತ್ತಾ ಇರುವವರು ನಮ್ಮಲ್ಲಿ ಎಷ್ಟು ಮಂದಿ! ಟಿಕೆಟ್ ಬುಕ್ ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ: "ಇದು ನನಗೆ ಈಗಲೂ ಬೇಕಾ?"

ಎರಡನೇದು, ಆ "ರಸ್ತೆ ಬದಿಯದ್ದು ಮುಟ್ಟಿರಲಿಲ್ಲ" ಅನ್ನುವ ಮಾತು. ಜನ ಹೆದರುವುದು ಗಾಡಿಗೆ, ನಂಬುವುದು ಸ್ಟಾರ್ ಹೋಟೆಲಿನ ಬುಫೆಯನ್ನು. ಕ್ರಿಮಿ ಗಾಡಿ, ಸ್ಟಾರ್ ಅಂತ ನೋಡುವುದಿಲ್ಲ. ಅದಕ್ಕೆ ಬೇಕಾದ್ದು ಸ್ವಲ್ಪ ಬೆಚ್ಚಗಿನ ಜಾಗ, ಸ್ವಲ್ಪ ಸಮಯ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಊಟದಲ್ಲಿ ಅವು ಬೆಳೆಯುತ್ತವೆ. ಬುಫೆಯ ಆ ಹೊಳೆಯುವ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಕೆಳಗಿನ ದೀಪ ಆರಿರುತ್ತದೆ, ಮೇಲೆ ಎಣ್ಣೆಯ ಪದರ ಗಟ್ಟಿಯಾಗಿರುತ್ತದೆ, ಒಂದೇ ಸೌಟು ಮೀನಿಗೂ ಅನ್ನಕ್ಕೂ ಓಡಾಡಿರುತ್ತದೆ, ಆ ಸೌಟಿನ ಹಿಡಿಯನ್ನು ಬಸ್ಸಿನಲ್ಲಿ ಬಂದವರೆಲ್ಲ ಮುಟ್ಟಿರುತ್ತಾರೆ. ಅದೇ ಗಾಡಿಯವನು ನಿಮ್ಮ ಕಣ್ಣೆದುರು ಬಾಣಲೆಯಲ್ಲಿ ಧಗಧಗ ಉರಿಯಲ್ಲಿ ಹುರಿದು ನೇರ ತಟ್ಟೆಗೆ ಹಾಕಿಕೊಟ್ಟ ನೂಡಲ್ಸ್ ಎಷ್ಟೋ ವಾಸಿ. ಮೇಲೆ ಹಸಿ ಸೊಪ್ಪು, ಮೊಳಕೆ ಕಾಳು ಉದುರಿಸಬೇಡ ಅಂತ ಕೈಸನ್ನೆ ಮಾಡಿದರೆ ಸಾಕು.

ಟೇಬಲ್ ಮೇಲೆ ತೆರೆದಿಟ್ಟ ಚಟ್ನಿ, ಸಾಸ್ ಇನ್ನೊಂದು. ಮೆಕ್ಸಿಕೋದ ಗ್ವಾಡಲಹಾರಾ ನಗರದ ಹೋಟೆಲುಗಳಲ್ಲಿ ಹೀಗೆ ಇಟ್ಟ ಸಾಸ್ ಪರೀಕ್ಷಿಸಿದಾಗ ಭೇದಿ ತರುವ ಇ-ಕೋಲಿ ಸಿಕ್ಕಿತ್ತು. ಪ್ರವಾಸಿಗರ ಭೇದಿಗೆ ಇದೇ ಇ-ಕೋಲಿ ಮೊದಲ ಕಾರಣ. ಇದರಿಂದ ಕಾಯಿಲೆ ಬರಬೇಕಾದರೆ ಲಕ್ಷ, ಕೋಟಿಗಟ್ಟಲೆ ಕ್ರಿಮಿ ಒಳಗೆ ಹೋಗಬೇಕು. ಅಂದರೆ ಊಟ ಹೊರಗೆ ಕೂತಷ್ಟೂ ಅಪಾಯ ಜಾಸ್ತಿ. ಶಿಗೆಲ್ಲಾ ಬೇರೆ ಜಾತಿ. ಅದಕ್ಕೆ 10ರಿಂದ 100 ಸಾಕು, ಅಷ್ಟು ಬಡಿಸುವವರ ಉಗುರಿನ ಸಂದಿಯಲ್ಲೇ ಇರುತ್ತದೆ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ. ಇಪ್ಪತ್ತು-ಇಪ್ಪತ್ತೈದರ ಹುಡುಗರು ಸವಾಲು ಹಾಕಿಕೊಂಡು ತಿನ್ನುತ್ತಾರೆ, ಅವರಲ್ಲೂ ಜಾಸ್ತಿ. ವಯಸ್ಸಾದವರಿಗೆ ಭೇದಿಗಿಂತ ಭೇದಿಯಿಂದ ಮೈಯ ನೀರು ಹೋಗುವುದೇ ಅಪಾಯ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್, ಕಿಡ್ನಿ ಕಸಿ ಆದವರು ವಿಶೇಷ ಎಚ್ಚರ ಇಡಬೇಕು. ಸೆಕೆ ಮತ್ತು ಮಳೆಗಾಲದಲ್ಲಿ ಕಾಯಿಲೆ ಹೆಚ್ಚು. ಹೋದ ಮೊದಲ ಎರಡು ವಾರವೇ ಮುಖ್ಯ, ಆದರೆ ನಮ್ಮ ಟೂರುಗಳೆಲ್ಲ ಅಷ್ಟರಲ್ಲೇ ಮುಗಿಯುತ್ತವೆ ಅಲ್ವಾ!

ನಿಮ್ಮ ಬಿಪಿ ಮಾತ್ರೆಯ ವಿಷಯ ಮರೆಯಬಾರದು. ವಾಂತಿ-ಭೇದಿ ಜೋರಾಗಿ ಮೈ ಒಣಗಿದಾಗ ಕೆಲವು ಬಿಪಿ ಮಾತ್ರೆ, ನೀರು ಇಳಿಸುವ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಶುಗರ್ ಮಾತ್ರೆ ತೊಂದರೆ ಕೊಡಬಹುದು. ಅಂಥ ದಿನ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಅಂತ ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಹೊಟ್ಟೆ ಕೆಡಬಹುದು, ಅದನ್ನೂ ಹೇಳಬೇಕು. ಅಡುಗೆಮನೆಯಲ್ಲಿ ಕೈ ತೊಳೆಯುವುದು ಬೇರೆಯವರು, ಅದು ನಮ್ಮ ಹಿಡಿತದಲ್ಲಿಲ್ಲ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಅಪಾಯ ಹೆಚ್ಚಿರುವ ದೇಶಗಳಿಗೆ ಹೋದವರಲ್ಲಿ, ಜಾಗ ಮತ್ತು ಕಾಲ ನೋಡಿಕೊಂಡು, ಎರಡು ವಾರದಲ್ಲಿ 100ಕ್ಕೆ 30ರಿಂದ 70 ಮಂದಿಗೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಬ್ಯಾಗಿನಲ್ಲಿ ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ, ಇರಲಿ.

ಪ್ರಶ್ನೆ: ನಾವು ಹುಟ್ಟಿದಾಗಿಂದ ತೋಡಿನ ನೀರು, ಬಾವಿ ನೀರು ಕುಡಿದವರು. ಫಾರಿನ್ ಕ್ರಿಮಿ ನಮಗೆ ಏನು ಮಾಡುತ್ತದೆ?
— ಗೋಣಿಕೊಪ್ಪಲಿನ ಓದುಗರು

ಉತ್ತರ: ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಇಂಥ ನೀರು, ಇಂಥ ಕ್ರಿಮಿಗಳ ನಡುವೆ ಬೆಳೆದವರ ಕರುಳಿಗೆ ಸ್ಥಳೀಯ ಇ-ಕೋಲಿ ಹಳೇ ಪರಿಚಯ. ಲಂಡನ್‌ಗೆ ಹೋಗುವ ನಿಮಗಿಂತ ಲಂಡನ್‌ನಿಂದ ರಜೆಗೆ ಬರುವ ನಿಮ್ಮ ಮೊಮ್ಮಕ್ಕಳಿಗೇ ಅಪಾಯ ಜಾಸ್ತಿ. "ನಮ್ಮದೇ ಮನೆ, ನಮ್ಮದೇ ನೀರು" ಅಂತ ಆ ಮಕ್ಕಳಿಗೆ ಬಾವಿ ನೀರು ಹಾಗೇ ಕೊಡುತ್ತೀರಿ, ಅವು ಮೂರನೇ ದಿನಕ್ಕೆ ಮಂಕಾಗುತ್ತವೆ. ಅವರು ಬಂದಾಗ ನೀರು ಕುದಿಸಿಯೇ ಕೊಡಿ, ಅದರಲ್ಲೂ ಮಳೆಗಾಲದಲ್ಲಿ ಬಾವಿ ಕೆಂಪಗೆ ತುಂಬಿದಾಗ.

ಆದರೆ ಈ ಪರಿಚಯ ಎಲ್ಲ ಕ್ರಿಮಿಗೂ ಅನ್ವಯಿಸುವುದಿಲ್ಲ. ಬೇರೆ ಊರಿನ ಕ್ರಿಮಿಯ ಜಾತಿ ಬೇರೆ. ಹಡಗಿನ ಪ್ರವಾಸದಲ್ಲಿ ಹೆಸರು ಮಾಡಿರುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ತೋಡಿನ ನೀರು ಕುಡಿದವರು, ಕುಡಿಯದವರು ಅನ್ನುವ ಲೆಕ್ಕವೇ ಇಲ್ಲ. ಜಪಾನ್, ಆಸ್ಟ್ರೇಲಿಯಾ, ಪಶ್ಚಿಮ ಯುರೋಪ್ ಕಡೆ ಹೋಗುವುದಾದರೆ ಹೊಟ್ಟೆಯ ಚಿಂತೆ ಬಿಟ್ಟು ಸ್ವೆಟರ್ ಚಿಂತೆ ಮಾಡಿ. ಆಫ್ರಿಕಾ, ಆಗ್ನೇಯ ಏಷ್ಯಾ, ಮಧ್ಯ ಅಮೆರಿಕ ಆದರೆ "ನಾನು ಗಟ್ಟಿ" ಅನ್ನುವುದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಹಂದಿ ಮಾಂಸ ನಮ್ಮ ಮನೆ ಊಟ. ಥಾಯ್ಲೆಂಡ್, ವಿಯೆಟ್ನಾಂನಲ್ಲಿ ಧಾರಾಳವಾಗಿ ಸಿಗುತ್ತದಂತೆ. ತಿನ್ನಬಹುದಾ? ಒಂದು ಸಣ್ಣ ಬಾಟಲಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ತೆಗೆದುಕೊಂಡು ಹೋಗಿ ಮೇಲೆ ಹಾಕಿಕೊಂಡರೆ ಕ್ರಿಮಿ ಸಾಯುತ್ತಾ?
— ನಾಪೋಕ್ಲುವಿನ ಓದುಗರು

ಉತ್ತರ: ಬೆಂದಿದ್ದರೆ ಧಾರಾಳವಾಗಿ ತಿನ್ನಿ. ಬೇಯದ್ದನ್ನು ಮಾತ್ರ ಮುಟ್ಟಬೇಡಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ಪಂದಿ ಕರಿಯಲ್ಲಿ ಮಾಂಸ ಒಲೆಯ ಮೇಲೆ ಕೊಬ್ಬು ಕರಗಿ ಬೆರಳಲ್ಲಿ ಒತ್ತಿದರೆ ಬಿಟ್ಟುಕೊಳ್ಳುವವರೆಗೆ ಬೇಯುತ್ತದೆ, ಕಾಚಂಪುಳಿ ಬೀಳುವುದು ಕೊನೆಗೆ. ಕ್ರಿಮಿ ಕೊಂದದ್ದು ಬೆಂಕಿ, ರುಚಿ ಕೊಟ್ಟದ್ದು ಕಾಚಂಪುಳಿ. ಹಸಿ ಮಾಂಸದ ಮೇಲೆ ಎಷ್ಟು ಹುಳಿ ಸುರಿದರೂ ಅದು ಬೆಂದ ಹಾಗೆ ಆಗುವುದಿಲ್ಲ. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿಗೂ ಇದೇ ಮಾತು.

ಆ ಕಡೆ ಹಂದಿಯನ್ನು ಹಸಿಯಾಗಿ ತಿನ್ನುವ ಪದ್ಧತಿ ಇದೆ. ಉತ್ತರ ಥಾಯ್ಲೆಂಡ್‌ನಲ್ಲಿ ಕೊಚ್ಚಿದ ಹಸಿ ಮಾಂಸಕ್ಕೆ ಮಸಾಲೆ ಕಲಸಿದ ಲಾಬ್, ಹುಳಿ ಬರಿಸಿದ ಹಸಿ ಮಾಂಸದ ನೇಮ್. ವಿಯೆಟ್ನಾಂನಲ್ಲಿ ಹಸಿ ರಕ್ತವನ್ನೇ ಹೆಪ್ಪುಗಟ್ಟಿಸಿ ಮೇಲೆ ಕಡಲೆಕಾಯಿ ಉದುರಿಸಿ ಕೊಡುವ ತಿಯೆಟ್ ಕಾನ್. ಇವುಗಳಿಂದ ಬರುವುದು ಬರೀ ಭೇದಿಯಲ್ಲ. ಸ್ಟ್ರೆಪ್ಟೊಕಾಕಸ್ ಸೂಯಿಸ್ ಅನ್ನುವ ಹಂದಿಯ ಕ್ರಿಮಿ ರಕ್ತಕ್ಕೆ ಸೇರಿ ಮೆದುಳಿನ ಪೊರೆಗೆ ಏರಬಹುದು. ಬದುಕಿ ಉಳಿದವರಲ್ಲೂ ಅನೇಕರ ಕಿವಿ ಶಾಶ್ವತವಾಗಿ ಕೇಳದೆ ಹೋಗುತ್ತದೆ. ಜೊತೆಗೆ ಟ್ರಿಕಿನೆಲ್ಲಾ ಅನ್ನುವ ಹುಳು, ಲಾಡಿಹುಳು. ಬಿಸಿ ಬಿಸಿ ಲಾಬ್ ಬೇಯಿಸಿದ್ದೂ ಸಿಗುತ್ತದೆ, ಅದನ್ನೇ ಕೇಳಿ ತಗೊಳ್ಳಿ. ಒಳಗೆ ಕೆಂಪು ಕಂಡರೆ ವಾಪಸ್ ಕೊಡಿ, ನಾಚಿಕೆ ಬೇಡ.

ಪ್ರಶ್ನೆ: ಊಟದ ಜೊತೆ ಎರಡು ಪೆಗ್ ಹಾಕಿದರೆ ಕ್ರಿಮಿ ಸಾಯುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ಅವರು ರಿಟೈರ್ಡ್ ಸುಬೇದಾರ್, ಎದುರು ಮಾತಾಡೋಕಾಗಲ್ಲ.
— ಮಡಿಕೇರಿಯ ಓದುಗರು

ಉತ್ತರ: ಮಾವನಿಗೆ ನನ್ನ ಸಲ್ಯೂಟ್ ಹೇಳಿ, ಆದರೆ ಸಾಯುವುದಿಲ್ಲ. ಪೆಗ್ ಹೊಟ್ಟೆಗೆ ಇಳಿದು ಊಟ, ನೀರಿನ ಜೊತೆ ಬೆರೆತ ಮೇಲೆ ಕ್ರಿಮಿ ಕೊಲ್ಲುವಷ್ಟು ಖಾರ ಅದರಲ್ಲಿ ಉಳಿದಿರುವುದಿಲ್ಲ. ಅದಕ್ಕಿಂತ ಅದರಲ್ಲಿ ತೇಲುವ ಐಸ್ ನೋಡಿ. ನೀರು ಹೆಪ್ಪುಗಟ್ಟಿದರೆ ಕ್ರಿಮಿ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಕನಿಷ್ಠ 60 ಪರ್ಸೆಂಟ್ ಆಲ್ಕೋಹಾಲ್ ಬೇಕು, ಅದೂ ನೊರೊವೈರಸ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಸೋಪು ನೀರೇ ಗತಿ.

ಪ್ರಶ್ನೆ: ನಮ್ಮ ಉಮ್ಮನನ್ನು ಉಮ್ರಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ 70 ದಾಟಿದೆ, ಶುಗರ್ ಇದೆ. ಭೇದಿ ಆದರೆ ಓಆರ್‌ಎಸ್ ಕೊಡಬಾರದು, ಸಕ್ಕರೆ ಏರುತ್ತದೆ ಅಂತ ನೆಂಟರು ಹೇಳಿದರು.
— ಸಿದ್ದಾಪುರದ ಓದುಗರು

ಉತ್ತರ: ಕೊಡಬೇಕು. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ. ಅದು ಶಕ್ತಿಗೆ ಅಂತ ಹಾಕಿದ್ದಲ್ಲ, ಗ್ಲೂಕೋಸ್ ಜೊತೆಯಲ್ಲಿದ್ದರೆ ಮಾತ್ರ ಕರುಳು ಉಪ್ಪು, ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬೀಸ್ ಡ್ರಮ್ಮುಗಳಲ್ಲಿ ಇದೇ ಉಪ್ಪು-ಗ್ಲೂಕೋಸ್ ನೀರು ಕಲಸಿ ಕುಡಿಸಿದರು, ಸಾವಿರಾರು ಜನ ಉಳಿದರು. ಶುಗರ್ ಇರುವವರಲ್ಲಿ ಭೇದಿಯಿಂದ ಮೈ ಒಣಗುವುದೇ ದೊಡ್ಡ ಅಪಾಯ. ಓಆರ್‌ಎಸ್ ಕೊಡುತ್ತಾ ಗ್ಲೂಕೋಮೀಟರ್‌ನಲ್ಲಿ ಆಗಾಗ ನೋಡಿಕೊಳ್ಳಿ.

ಪ್ಯಾಕೆಟ್ ಇಲ್ಲಿಂದಲೇ ಒಯ್ಯಿರಿ. ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಒಂದು ಲೀಟರಿನದ್ದನ್ನು ಒಂದು ಲೋಟಕ್ಕೆ ಹಾಕಿದರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓಆರ್‌ಎಸ್ ಅಂತ ದೊಡ್ಡದಾಗಿ ಬರೆದು ಮಾರುತ್ತಿದ್ದ ಡಬ್ಬದ ಸಿಹಿ ಜ್ಯೂಸ್ ಬೇರೆ, ಇದು ಬೇರೆ. ಸೂತ್ರ ಸರಿಯಿಲ್ಲದ ಪಾನೀಯಕ್ಕೆ ಆ ಹೆಸರು ಇಡಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದು ಅದಕ್ಕೇ.

ಇನ್ನೊಂದು ಮಾತು. ಉಮ್ಮ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಅದರಿಂದಲೇ ಹೊಟ್ಟೆ ಸಡಿಲ ಆಗುವುದುಂಟು. ಹೊರಡುವ ಹೊತ್ತಿಗೆ ಡೋಸ್ ಬದಲಾಯಿಸಲು ಹೋಗಬೇಡಿ, ಆಮೇಲೆ ಯಾವುದು ಮಾತ್ರೆಯದ್ದು, ಯಾವುದು ಕ್ರಿಮಿಯದ್ದು ಗೊತ್ತಾಗುವುದಿಲ್ಲ. ಟೈಫಾಯ್ಡ್ ಲಸಿಕೆ ಹಾಕಿಸುವುದಾದರೆ ಎರಡು ವಾರ ಮೊದಲೇ ಹಾಕಿಸಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮನೆಯಿಂದ ಪುಳಿಯೋಗರೆ, ಚಿತ್ರಾನ್ನ ಕಟ್ಟಿಕೊಂಡೇ ಹೋಗುತ್ತೇವೆ. ನಮಗೆ ಭಯ ಇಲ್ಲ ತಾನೇ?
— ಕುಶಾಲನಗರದ ಓದುಗರು

ಉತ್ತರ: ಇದೆ! ಅನ್ನ ಬೇಯಿಸಿ ಹೊರಗಿಟ್ಟರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಕ್ರಿಮಿ ವಿಷ ಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಬೆಳಗಿನ ಜಾವ ಕಲಸಿದ ಚಿತ್ರಾನ್ನವನ್ನು ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿ, ಬಸ್ಸು, ಏರ್‌ಪೋರ್ಟ್, ವಿಮಾನ ದಾಟಿಸಿ ರಾತ್ರಿ ಹೊರದೇಶದ ಹೋಟೆಲಿನಲ್ಲಿ ತಿನ್ನುವುದು, ಆಮೇಲೆ ಆ ದೇಶದ ನೀರನ್ನು ಬೈಯುವುದು, ಇದು ನಡೆದೇ ಇದೆ. ಪುಳಿಯೋಗರೆ ಗೊಜ್ಜು ಒಯ್ಯಿರಿ, ಅನ್ನ ಅಲ್ಲಿ ಬಿಸಿಯಾಗಿ ತಗೊಂಡು ಕಲಸಿ. ಚಪಾತಿ, ಖಾಕ್ರಾ, ಅವಲಕ್ಕಿ ಪರವಾಗಿಲ್ಲ. ಹೆಚ್ಚಿಟ್ಟ ಹಣ್ಣು, ಸಲಾಡ್ ಬಿಡಿ. ಬಾಳೆಹಣ್ಣು, ಕಿತ್ತಳೆ ನೀವೇ ಸುಲಿದು ತಿನ್ನಿ.

ಪ್ರಶ್ನೆ: ಜೂನ್‌ನಲ್ಲಿ ನೇಪಾಳದ ಮುಕ್ತಿನಾಥಕ್ಕೆ ಹೋಗುವ ಯೋಚನೆ ಇದೆ. ನೀರಿಗೆ ಕ್ಲೋರಿನ್ ಮಾತ್ರೆ ಹಾಕಿದರೆ ಸಾಕಲ್ಲ?
— ಸೋಮವಾರಪೇಟೆಯ ಓದುಗರು

ಉತ್ತರ: ಜೂನ್‌ನಲ್ಲಾದರೆ ಸಾಲದು. ನೇಪಾಳದಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಸೈಕ್ಲೊಸ್ಪೊರಾ ಅನ್ನುವ ಪರೋಪಜೀವಿಯ ಕಾಟ. ಕ್ಲೋರಿನ್‌ಗೂ ಅಯೋಡಿನ್‌ಗೂ ಅದು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಕುದಿಯಲಿ, ಕೆಳಗೆ ಒಂದು ನಿಮಿಷ ಸಾಕು. ಮುಕ್ತಿನಾಥ 3,700 ಮೀಟರ್ ಹತ್ತಿರ ಇದೆ. ಫ್ಲಾಸ್ಕ್ ಒಯ್ಯಿರಿ, ತಂಗುವ ಕಡೆ ಕುದಿಸಿದ ನೀರು ತುಂಬಿಸಿಕೊಳ್ಳಿ.

ಇದು ಹಿಡಿಯುವುದು ಸುಮಾರು ಒಂದು ವಾರ ಕಳೆದು. ಅಂದರೆ ಎಷ್ಟೋ ಮಂದಿಗೆ ಮನೆಗೆ ಬಂದ ಮೇಲೆ ಶುರು. ಭೇದಿ ನಿಂತಂತೆ ಆಗಿ ಮತ್ತೆ ಬರುತ್ತದೆ, ಊಟ ಸೇರುವುದಿಲ್ಲ, ಮೆಟ್ಟಿಲು ಹತ್ತುವುದಕ್ಕೂ ಸುಸ್ತು, ವಾರಗಟ್ಟಲೆ. ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಆದ್ದರಿಂದ "ನೇಪಾಳಕ್ಕೆ ಹೋಗಿದ್ದೆ, ಸೈಕ್ಲೊಸ್ಪೊರಾ ನೋಡಿ" ಅಂತ ಬಾಯಿ ಬಿಟ್ಟು ಹೇಳಿ. ಗೊತ್ತಾದರೆ ಇದಕ್ಕೆ ಸರಿಯಾದ ಮಾತ್ರೆ ಇದೆ.

ಪ್ರಶ್ನೆ: ಹೊರಡುವಾಗ ಮೆಡಿಕಲ್‌ನಿಂದ ಭೇದಿ ನಿಲ್ಲುವ ಮಾತ್ರೆ, ಒಂದು ಪಟ್ಟಿ ಆ್ಯಂಟಿಬಯಾಟಿಕ್ ಇಟ್ಟುಕೊಂಡರೆ ಆಯ್ತಲ್ಲ?
— ಪೊನ್ನಂಪೇಟೆಯ ಓದುಗರು

ಉತ್ತರ: ಭೇದಿ ನಿಲ್ಲಿಸುವ ಲೊಪೆರಮೈಡ್ ದೂರದ ಬಸ್ಸು ಹತ್ತುವ ದಿನ ಉಪಕಾರಿ. ಆದರೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಮುಟ್ಟಬೇಡಿ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಆ್ಯಂಟಿಬಯಾಟಿಕ್ ವಿಷಯದಲ್ಲಿ ಅಂಗಡಿಯವರ ಮಾತು ಸಾಲದು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳನ್ನು ನಾವು ಎಲ್ಲದಕ್ಕೂ ನುಂಗಿ ನುಂಗಿ ಅವು ಮೊಂಡಾಗಿವೆ. ಥಾಯ್ಲೆಂಡ್ ಕಡೆಯ ಕ್ಯಾಂಪೈಲೊಬ್ಯಾಕ್ಟರ್‌ಗೆ ಅವು ಹೆಚ್ಚಾಗಿ ನಾಟುವುದೇ ಇಲ್ಲ. ಯಾವ ದೇಶಕ್ಕೆ ಹೋಗುತ್ತೀರಿ ಅಂತ ಹೇಳಿ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಚೀಟಿಯೂ ಜೊತೆಗಿರಲಿ. ಬರೀ ನೀರು ಭೇದಿಗೆ, ಜ್ವರ ಇಲ್ಲದಿದ್ದರೆ, ಅದು ಬೇಕಾಗುವುದೇ ಕಡಿಮೆ. ಬ್ಯಾಕ್ಟೀರಿಯಾದ್ದು ಮೂರರಿಂದ ಏಳು ದಿನ, ವೈರಸ್ಸಿನದ್ದು ಎರಡು-ಮೂರು ದಿನ, ತಾನಾಗೇ ಇಳಿಯುತ್ತದೆ. ರಕ್ತ, ಜೋರು ಜ್ವರ, ಕುಡಿದ ನೀರೆಲ್ಲ ವಾಂತಿ, ಅರ್ಧ ದಿನ ಮೂತ್ರ ಇಲ್ಲ ಅಂದರೆ ಆಸ್ಪತ್ರೆಗೆ ಹೋಗಿ. ಖರ್ಚಿಗೆ ಹೆದರಿ ರೂಮಿನಲ್ಲಿ ಮಲಗಬೇಡಿ, ಪ್ರಯಾಣ ವಿಮೆ ಮಾಡಿಸುವುದು ಇದಕ್ಕೇ.

ಪ್ರಶ್ನೆ: ಮಗ ಹೊರದೇಶಕ್ಕೆ ಹೋಗಿ ಬಂದು ಮೂರು ವಾರ ಆಯಿತು. ಅಲ್ಲಿ ಚೆನ್ನಾಗೇ ಇದ್ದ. ಈಗ ಕಣ್ಣು ಹಳದಿ, ಊಟ ಕಂಡರೆ ವಾಕರಿಕೆ. ಊರಿನಲ್ಲಿ ಕಾಮಾಲೆಗೆ ಬೇರಿನ ಔಷಧ ಕೊಡುವವರಿದ್ದಾರೆ. ಕೊಡಿಸಲಾ?
— ಅಮ್ಮತ್ತಿಯ ಓದುಗರು

ಉತ್ತರ: ಅಮ್ಮಾ, ಬೇರಿನ ಔಷಧ ಈಗ ಬೇಡ. ಮೊದಲು ರಕ್ತ ಪರೀಕ್ಷೆ. ಇದು ಹೆಪಟೈಟಿಸ್ ಎ, ಅಂದರೆ ಲಿವರ್‌ಗೆ ತಗಲುವ ವೈರಸ್ ಕಾಯಿಲೆ, ಇರಬಹುದು. ಅದು ಊಟ, ನೀರಿನಿಂದಲೇ ಬರುವುದು, ಆದರೆ ಒಳಗೆ ಸೇರಿ 15ರಿಂದ 50 ದಿನ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಹಿಂದೆ ನಮ್ಮಲ್ಲಿ ಬಾಲ್ಯದಲ್ಲೇ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಈಗಿನ ಮಕ್ಕಳು ಫಿಲ್ಟರ್ ನೀರು ಕುಡಿದು ಬೆಳೆದವರು, ದೊಡ್ಡವರಾದ ಮೇಲೆ ಬಂದರೆ ಜೋರಾಗಿಯೇ ಬರುತ್ತದೆ. ಪಕ್ಕದ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಆಗುತ್ತಿರುವುದೂ ಇದೇ. ಹೆಚ್ಚಿನವರಲ್ಲಿ ವಿಶ್ರಾಂತಿಯಿಂದ ವಾಸಿಯಾಗುತ್ತದೆ. ಅಷ್ಟರಲ್ಲಿ ಮದ್ಯ ಬೇಡ, ನೋವು-ಜ್ವರಕ್ಕೆ ಪ್ಯಾರಸಿಟಮಾಲ್ ಕೂಡ ಕೇಳದೆ ಕೊಡಬೇಡಿ. ಮಂಪರು, ತಲೆ ಸರಿಯಿಲ್ಲದ ಮಾತು, ಎಲ್ಲಿಂದಾದರೂ ರಕ್ತ ಕಂಡರೆ ಆ ಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹೆಪಟೈಟಿಸ್ ಎ ಅಂತ ಖಚಿತವಾದರೆ ಅವನ ಜೊತೆ ಒಂದೇ ಮನೆಯಲ್ಲಿ ಉಣ್ಣುವವರಿಗೆ, ಮುಖ್ಯವಾಗಿ ಮಕ್ಕಳಿಗೆ, ಎರಡು ವಾರದೊಳಗೆ ಲಸಿಕೆ ಹಾಕಿಸಿದರೆ ತಡೆಯಬಹುದು. ಈ ಸಂಚಿಕೆ ನಿಮ್ಮ ಕೈಸೇರುವವರೆಗೆ ಕಾಯಬಾರದು ಅಂತ ಇದನ್ನೇ ನಿಮಗೆ ಅಂಚೆಯಲ್ಲೂ ಬರೆದಿದ್ದೇನೆ.